ಒಂದು ಮನೆಯ ಐದು ಮತಗಳು

ಚುನಾವಣೆಯ ದಿನಾಂಕ ಪ್ರಕಟವಾದೊಡನೆ ಮಂಡ್ಯ, ಮದ್ದೂರು, ಮಳವಳ್ಳಿಯ ಊರುಗಳಲ್ಲಿ ಮನೆಗಳ ಎಣಿಕೆ ಆರಂಭವಾಗುತ್ತದೆ. ಕಾರ್ಯಕರ್ತರು ಜಗುಲಿಯ ಮೇಲೆ ಕುಳಿತು ಕೇಳುವ ಪ್ರಶ್ನೆ ಒಂದೇ: “ಯಜಮಾನರೇ, ನಿಮ್ಮ ಮನೇಲಿ ಎಷ್ಟು ಓಟು?” ಐದು ಎಂಬ ಉತ್ತರ ಬಂದರೆ ಐದಕ್ಕೂ ಒಟ್ಟಿಗೆ ಒಂದೇ ಗುರುತು ಬೀಳುತ್ತದೆ. ಅಜ್ಜಿ, ಸೊಸೆ, ಮೊದಲ ಬಾರಿಗೆ ಮತ ಹಾಕಲಿರುವ ಮಗಳು, ಇವರನ್ನು ಕೇಳುವವರಿಲ್ಲ. ನಮ್ಮ ಕಥೋಲಿಕ ಕುಟುಂಬಗಳೂ ಈ ರೂಢಿಗೆ ಹೊರತಾಗಿಲ್ಲ.

ಯಜಮಾನರಾದರೂ ಯಾವ ಆಧಾರದ ಮೇಲೆ ತೀರ್ಮಾನಿಸುತ್ತಾರೆ? ನಂಟು, ಜಾತಿ, ಹಳೆಯ ಪಕ್ಷನಿಷ್ಠೆ ಇದ್ದೇ ಇವೆ. ಅದಕ್ಕಿಂತ ಹೆಚ್ಚಾಗಿ ಉಪಕಾರದ ನೆನಪು ಕೆಲಸ ಮಾಡುತ್ತದೆ. ಆಸ್ಪತ್ರೆಗೆ ಫೋನು ಮಾಡಿದವರು, ಸಾವಿನ ಮನೆಗೆ ಬಂದು ಕುಳಿತವರು, ನಾಲೆಗೆ ನೀರು ಬಿಡಿಸಿದವರು ಮನಸ್ಸಿನಲ್ಲಿ ಉಳಿಯುತ್ತಾರೆ. ಇದನ್ನು ಅಲ್ಪವೆಂದು ತಳ್ಳಿಹಾಕಲು ನಾವು ಸಿದ್ಧರಿಲ್ಲ. ವಿಶ್ವೇಶ್ವರಯ್ಯ ನಾಲೆಯ ಕೊನೆಯಂಚಿನಲ್ಲಿ ಗದ್ದೆಯಿರುವ ಮಳವಳ್ಳಿ, ಮದ್ದೂರಿನ ರೈತನಿಗೆ ನೀರಿನ ಪ್ರಶ್ನೆ ಅನ್ನದ ಪ್ರಶ್ನೆಯೇ ಆಗಿದೆ. ಆದರೆ ಯಜಮಾನರ ಮೇಲಿನ ಉಪಕಾರದ ಸಾಲವನ್ನು ಮನೆಯ ಐದೂ ಮಂದಿ ತೀರಿಸಬೇಕೆಂಬ ನಿಯಮ ಎಲ್ಲಿಂದ ಬಂತು?

ಮಂಡ್ಯದ ಮತದಾರ ಭಾವುಕನೆಂದು ಹೊರಗಿನವರು ಹೇಳುವುದುಂಟು. ದಾಖಲೆ ಬೇರೆಯದನ್ನೇ ಹೇಳುತ್ತದೆ. 2018ರ ಮೇ ತಿಂಗಳಲ್ಲಿ ಜಿಲ್ಲೆಯ ಏಳೂ ವಿಧಾನಸಭಾ ಕ್ಷೇತ್ರಗಳು ಜನತಾದಳಕ್ಕೆ ಒಲಿದವು. ಅದೇ ವರ್ಷದ ಲೋಕಸಭಾ ಉಪಚುನಾವಣೆಯಲ್ಲಿ ಆ ಪಕ್ಷದ ಅಭ್ಯರ್ಥಿ ಮೂರು ಲಕ್ಷಕ್ಕೂ ಮಿಕ್ಕ ಅಂತರದಿಂದ ಗೆದ್ದರು. ಮರುವರ್ಷವೇ ಪಕ್ಷೇತರರಾಗಿ ನಿಂತ ಶ್ರೀಮತಿ ಸುಮಲತಾ ಅಂಬರೀಶ್ ಅದೇ ಪಕ್ಷದ ನಿಖಿಲ್ ಕುಮಾರಸ್ವಾಮಿಯವರನ್ನು 1,25,876 ಮತಗಳಿಂದ ಸೋಲಿಸಿದರು. 2023ರಲ್ಲಿ ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ಕಾಂಗ್ರೆಸ್ಸಿನ ಪಾಲಾದವು. 2024ರಲ್ಲಿ ಭಾಜಪದೊಡನೆ ಮೈತ್ರಿ ಮಾಡಿಕೊಂಡಿದ್ದ ಜನತಾದಳದ ಶ್ರೀ ಎಚ್.ಡಿ. ಕುಮಾರಸ್ವಾಮಿ 2,84,620 ಮತಗಳ ಅಂತರದಿಂದ ಲೋಕಸಭೆಗೆ ಆರಿಸಿಬಂದರು. ಜಗುಲಿಯ ಮೇಲೆ ಗುರುತು ಹಾಕಿದ ಪಟ್ಟಿಗಳು ಈ ಆರು ವರ್ಷಗಳಲ್ಲಿ ಎಷ್ಟು ಬಾರಿ ಸುಳ್ಳಾಗಿರಬೇಕು! ಯಾವ ಮನೆಯೂ ಯಾವ ಪಕ್ಷದ ಸ್ವತ್ತಲ್ಲವೆಂಬುದು ಈ ಅಂಕಿಗಳಿಂದಲೇ ಸ್ಪಷ್ಟವಾಗುತ್ತದೆ.

ಇದನ್ನರಿತೇ ಈಗ ಲಕೋಟೆಯ ಜೊತೆಗೆ ಆಣೆಯನ್ನೂ ಕೇಳಲಾಗುತ್ತಿದೆ. ಹಣ ಕೊಡುವವನು ಮನೆದೇವರ ಪಟ ಮುಟ್ಟಿಸುತ್ತಾನೆ. ನಮ್ಮ ಮನೆಯಾದರೆ ಶಿಲುಬೆ, ಇಲ್ಲವೇ ಮಾತೆ ಮರಿಯಮ್ಮನವರ ಪಟ. ಹಣಕ್ಕೆ ಅಂಜದ ಹಿರಿಯ ತಾಯಂದಿರು ಆಣೆಗೆ ಅಂಜುತ್ತಾರೆ. ಮಾತಿಗೆ ತಪ್ಪಿದರೆ ಮಕ್ಕಳಿಗೆ ಕೇಡು ತಗುಲೀತೆಂಬ ಭಯ ಅವರದು. ಇವರ ಭಯವನ್ನು ಹಾಸ್ಯ ಮಾಡುವುದು ಸಲ್ಲದು, ಉತ್ತರ ಕೊಡಬೇಕು. ಉತ್ತರ ಶುಭಸಂದೇಶದಲ್ಲೇ ಇದೆ. ಹೆರೋದ ಅರಸನು ಹುಟ್ಟುಹಬ್ಬದ ಔತಣದಲ್ಲಿ ಆಣೆಯಿಟ್ಟು ಮಾತು ಕೊಟ್ಟನು. ಅತಿಥಿಗಳ ಮುಂದೆ ಆಣೆ ಮುರಿಯಲು ನಾಚಿ ಸ್ನಾನಿಕ ಯೊವಾನ್ನರ ಶಿರಚ್ಛೇದನ ಮಾಡಿಸಿದನು. ಅವನು ಮಾತು ಉಳಿಸಿಕೊಂಡನೆಂದು ಹೊಗಳಿದವರುಂಟೇ? ಕೆಟ್ಟ ಕಾರ್ಯಕ್ಕಾಗಿ ಇಟ್ಟ ಆಣೆ ಯಾರನ್ನೂ ಕಟ್ಟಿಹಾಕದೆಂಬುದು ಧರ್ಮಸಭೆಯ ಬೋಧನೆ. ತಪ್ಪಿರುವುದು ಆಣೆ ಮುರಿಯುವುದರಲ್ಲಲ್ಲ, ಅದನ್ನು ಇಟ್ಟುದರಲ್ಲಿ. ಈಗಾಗಲೇ ಇಟ್ಟವರು ದೇವರಲ್ಲಿ ಕ್ಷಮೆ ಬೇಡಿ, ಮನಸ್ಸಾಕ್ಷಿ ಹೇಳಿದವರಿಗೆ ನಿಶ್ಚಿಂತೆಯಿಂದ ಮತ ಹಾಕಬಹುದು. ಲಕೋಟೆಯ ವಿಷಯದಲ್ಲಿ ಕಾನೂನು ಇನ್ನೂ ಕಠಿಣ: ಮತಕ್ಕಾಗಿ ಹಣ ಕೊಡುವುದಷ್ಟೇ ಅಲ್ಲ, ತೆಗೆದುಕೊಳ್ಳುವುದೂ ಅಪರಾಧ.

ಇನ್ನೊಂದು ಪ್ರಶ್ನೆ ಬಲಿಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ಕೇಳಿಬರುವುದು: “ಸ್ವಾಮಿಗಳು ಯಾರಿಗೆ ಹಾಕಿ ಅಂದರು?” ಗುರುಗಳು ರಾಜಕೀಯ ಪಕ್ಷಗಳಲ್ಲಿ ಸಕ್ರಿಯರಾಗಬಾರದೆಂಬುದು 1983ರ ಧರ್ಮಸಭಾ ಸಂಹಿತೆಯ ಸಾಮಾನ್ಯ ನಿಯಮ. ಮತವನ್ನು ಸರ್ವರ ಹಿತಕ್ಕಾಗಿ ಸ್ವತಂತ್ರವಾಗಿ ಚಲಾಯಿಸುವುದು ಪ್ರತಿಯೊಬ್ಬ ನಾಗರಿಕನ ಹಕ್ಕೂ ಕರ್ತವ್ಯವೂ ಎಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲೇ ಸಾರಿದೆ. ನಾವು ಸಂಖ್ಯೆಯಲ್ಲಿ ಅಲ್ಪರು, ಒಗ್ಗಟ್ಟಾಗಿ ಒಂದೇ ಕಡೆ ನಿಂತರಷ್ಟೇ ಬೆಲೆ ಎನ್ನುವವರ ವಾದವನ್ನು ನಾವು ಕೇಳಿದ್ದೇವೆ, ಒಪ್ಪಿಲ್ಲ. ಹಾಗೆ ಗಂಟು ಕಟ್ಟಿದಾಗ ಬೆಲೆ ಸಿಗುವುದು ಗಂಟು ಹೊತ್ತೊಯ್ಯುವ ಒಬ್ಬಿಬ್ಬರಿಗೆ. ಸ್ಮಶಾನದ ಜಾಗ, ಶಾಲೆ, ನಾಲೆಯ ಕೊನೆಗೆ ನೀರು, 1933ರಲ್ಲಿ ಹುಟ್ಟಿದ ಮೈಷುಗರ್ ಕಾರ್ಖಾನೆಯ ಏಳಿಗೆ, ಇವುಗಳ ಬಗ್ಗೆ ಎಲ್ಲ ಅಭ್ಯರ್ಥಿಗಳನ್ನೂ ನೆರೆಯವರೊಡನೆ ಸೇರಿ ಪ್ರಶ್ನಿಸುವುದೇ ಮೇಲು.

ಹಾಗಾದರೆ ಮನೆಯಲ್ಲಿ ಮಾತೇ ಬೇಡವೆ? ಖಂಡಿತ ಬೇಕು. ರಾತ್ರಿ ಜಪಸರ ಮುಗಿದು ಊಟಕ್ಕೆ ಕುಳಿತಾಗ ಎಲ್ಲರೂ ಮಾತನಾಡಲಿ. ಗೃಹಲಕ್ಷ್ಮಿಯ ಹಣ ಮನೆಗೆ ಹೇಗೆ ಒದಗಿತೆಂದು ಅತ್ತೆ ಹೇಳಲಿ. ಕಾಲೇಜಿಗೆ ಬಸ್ಸಿಲ್ಲವೆಂದು ಮಗಳು ಹೇಳಲಿ. ಆಸ್ತಿ ಹಾಗೂ ಮೊಕದ್ದಮೆಗಳ ವಿವರವಿರುವ ಅಭ್ಯರ್ಥಿಗಳ ಪ್ರಮಾಣಪತ್ರಗಳನ್ನು ಚುನಾವಣಾ ಆಯೋಗವೇ ಪ್ರಕಟಿಸುತ್ತದೆ. ಮಗ ಮೊಬೈಲಿನಲ್ಲಿ ತೆಗೆದು ಎಲ್ಲರಿಗೂ ಕೇಳುವಂತೆ ಓದಲಿ. ಕೊನೆಗೆ ಯಾರಿಗೆಂದು ಯಾರೂ ಯಾರಿಗೂ ಹೇಳಬೇಕಾಗಿಲ್ಲ. ಪತಿಗೆ ವಿಧೇಯಳಾಗಿರು ಎಂಬ ಸಂತ ಪೌಲರ ಮಾತನ್ನು ಮತಗಟ್ಟೆಯವರೆಗೆ ಎಳೆದು ತರುವವರಿದ್ದಾರೆ. ಗುಟ್ಟಿನ ಮತವೆಂಬುದು ಪತ್ನಿಗೂ ಉಂಟು.

ಕರ್ನಾಟಕದಲ್ಲಿ 2023ರ ಚುನಾವಣೆಯಲ್ಲಿ 80 ದಾಟಿದವರಿಗೂ, 2024ರಲ್ಲಿ 85 ದಾಟಿದವರಿಗೂ ಮನೆಯಿಂದಲೇ ಮತ ಹಾಕುವ ಅವಕಾಶ ದೊರೆಯಿತು. ಇಂಥ ಅವಕಾಶವಿರುವಾಗ ಅಧಿಕಾರಿಗಳು ಬಂದ ಗಳಿಗೆಯಲ್ಲಿ ಮಕ್ಕಳು ಅಜ್ಜಿಯ ಪಕ್ಕದಲ್ಲಿ ನಿಂತು ಬೆರಳು ತೋರಿಸದೆ ಹೊರಗೆ ಜಗುಲಿಗೆ ಬರಲಿ. ಮದುವೆಯಾಗಿ ಬಂದ ಸೊಸೆಯ ಹೆಸರು ಇನ್ನೂ ತವರಿನ ಪಟ್ಟಿಯಲ್ಲೇ ಇದ್ದರೆ ನಮೂನೆ 8ನ್ನು, ಹದಿನೆಂಟು ತುಂಬಿದ ಮಕ್ಕಳಿಗೆ ನಮೂನೆ 6ನ್ನು ಈಗಲೇ ತುಂಬಿ ಕೊಡಿರಿ. ಚುನಾವಣೆ ಘೋಷಣೆಯಾಗುವವರೆಗೆ ಕಾಯಬೇಡಿರಿ.