ಮೋಟರ್‌ಸೈಕಲ್ ಇಂಡಿಕೇಟರ್ ಸ್ಥಳಾಂತರ: ಮನವಿ ಪತ್ರ

ಗೆ,
ಪ್ರಾದೇಶಿಕ ಸಾರಿಗೆ ಅಧಿಕಾರಿಗಳು, ಬಾಗಲಕೋಟೆ
ಹಾಗೂ
ಅಧ್ಯಕ್ಷರು, ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ, ಬಾಗಲಕೋಟೆ

ಇವರಿಂದ: ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ತಾಲೂಕುಗಳ ಬೈಕ್ ಸವಾರರು ಮತ್ತು ಗ್ಯಾರೇಜ್ ಮೆಕ್ಯಾನಿಕ್‌ಗಳು

ವಿಷಯ: ಮೋಟರ್‌ಸೈಕಲ್ ಇಂಡಿಕೇಟರ್‌ಗಳನ್ನು ಬೇರೆಡೆ ಅಳವಡಿಸುವ ಬಗ್ಗೆ ಅಳತೆ ಸಹಿತ ಲಿಖಿತ ಮಾರ್ಗಸೂಚಿ ಕೋರಿ.

ಮಾನ್ಯರೇ,

ಇಳಕಲ್ಲಿನ ಸೀರೆ ಗಂಟು, ಗುಳೇದಗುಡ್ಡದ ಖಣದ ಗಂಟು, ಹಳ್ಳಿಹಳ್ಳಿಯ ಹಾಲಿನ ಕ್ಯಾನು ನಮ್ಮ ಭಾಗದಲ್ಲಿ ಬೈಕಿನ ಮೇಲೆಯೇ ಊರಿಂದೂರಿಗೆ ಹೋಗುತ್ತವೆ. ಎರಡೂ ಮಗ್ಗುಲಿಗೆ ಕ್ಯಾನು ತೂಗುಹಾಕಿದರೆ ಕಂಪನಿ ಕೊಟ್ಟ ಹಿಂದಿನ ಇಂಡಿಕೇಟರ್ ಅದರ ಮರೆಗೆ ಬೀಳುತ್ತದೆ. ಸವಾರ ಬಲಕ್ಕೆ ಹೊರಳುವ ಮುನ್ನ ತಪ್ಪದೆ ದೀಪ ಹಾಕಿರುತ್ತಾನೆ, ಮೀಟರಿನಲ್ಲಿ ಹಸಿರು ಗುರುತೂ ಮಿಣುಕುತ್ತಿರುತ್ತದೆ. ಹಿಂದೆ ಬರುವ ಲಾರಿಯವನಿಗೆ ಕಾಣುವುದು ಕ್ಯಾನು ಮಾತ್ರ. ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಹುನಗುಂದ, ಇಳಕಲ್ ನಡುವೆ ಗ್ರಾನೈಟ್ ಹೇರಿದ ಲಾರಿಯ ಮುಂದೆ ಹೀಗೆ ಹೊರಳುವಾಗ ಎದೆ ಹೇಗೆ ಹೊಡೆದುಕೊಳ್ಳುತ್ತದೆ ಎಂಬುದು ದಿನವೂ ಓಡಾಡುವ ನಮಗೆ ಗೊತ್ತು. ಆದ್ದರಿಂದಲೇ ಎಷ್ಟೋ ಜನ ಇಂಡಿಕೇಟರ್ ಬಿಚ್ಚಿಸಿ, ಪಟ್ಟಿ ಬೆಸೆಸಿ, ಕ್ಯಾರಿಯರ್‌ನ ಹೊರತುದಿಗೆ ಕೂಡಿಸಿಕೊಂಡಿದ್ದಾರೆ.

ಗಾಡಿಯ ರೂಪವನ್ನೇ ಬದಲಿಸಿಕೊಳ್ಳುವ ತರುಣರೂ ನಮ್ಮಲ್ಲಿದ್ದಾರೆ. ಹಳೆಯ ಬುಲೆಟ್ಟಿನ ಹಿಂದಿನ ಮಡ್‌ಗಾರ್ಡ್ ಕತ್ತರಿಸಿದಾಗ ಇಂಡಿಕೇಟರ್‌ಗೆ ಜಾಗವೇ ಉಳಿಯುವುದಿಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು, ಅಲ್ಲಿ ತಯಾರಾದ ಯೆಜ್ಡಿಗಳು ಇಂದಿಗೂ ಓಡುತ್ತಿವೆ. ಒಡೆದ ಇಂಡಿಕೇಟರ್‌ಗೆ ಅದೇ ಭಾಗ ಕೈಗೆ ಸಿಗದಾಗ ಸಿಕ್ಕಿದ್ದನ್ನು ಸಿಕ್ಕಲ್ಲಿ ಕೂಡಿಸುತ್ತಾರೆ. ಇಂಡಿಕೇಟರ್‌ಗಳನ್ನೇ ಕಿತ್ತೆಸೆದವರನ್ನೂ ಕಪ್ಪು ಗಾಜು ಹಾಕಿ ಬೆಳಕು ಕೊಂದವರನ್ನೂ ನಾವು ಸಮರ್ಥಿಸುವುದಿಲ್ಲ. ಅವರಿಗೆ ದಂಡ ಬೀಳಲೇಬೇಕು.

ಕಾನೂನು ನಮಗೆ ತಿಳಿಯದ್ದಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 102ನೇ ನಿಯಮದಂತೆ ಇಂಡಿಕೇಟರ್ ಹಳದಿಗೆಂಪು ಬಣ್ಣದ್ದಾಗಿರಬೇಕು, ನಿಮಿಷಕ್ಕೆ 60ಕ್ಕಿಂತ ಕಡಿಮೆಯಿಲ್ಲದೆ, 120 ಮೀರದೆ ಮಿನುಗಬೇಕು, ಮುಂದಿನಿಂದಲೂ ಹಿಂದಿನಿಂದಲೂ ಸ್ಪಷ್ಟವಾಗಿ ಕಾಣಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ವಾಹನದ ಮೂಲ ಲಕ್ಷಣ ಬದಲಾಗುವಂಥ ಮಾರ್ಪಾಡನ್ನು ತಡೆಯುತ್ತದೆ. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿ 9ರಂದು ಈ ಕಲಮನ್ನು ಬಿಗಿಯಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಮಿನಡಿ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗಿನ ಸೆರೆವಾಸ, ಇಲ್ಲವೇ ಎರಡೂ.

ನಮ್ಮ ತೊಡಕು ಇರುವುದು ಇಲ್ಲಿ. ಇಂಡಿಕೇಟರ್ ಎಲ್ಲಿದೆ ಎಂಬುದು ಆರ್‌ಸಿಯಲ್ಲಿ ಬರೆದಿರುವುದಿಲ್ಲ. ಹಾಗಿರುವಾಗ ಅದನ್ನು ನಾಲ್ಕು ಬೆರಳು ಆಚೆ ಸರಿಸಿದರೆ ಅದು 52ನೇ ಕಲಮಿನ ಮಾರ್ಪಾಡೋ, 102ನೇ ನಿಯಮದ ಪಾಲನೆಯೋ? ಒಬ್ಬ ಅಧಿಕಾರಿ ನೋಡಿ ಸರಿ ಎಂದು ಬಿಡುವ ಗಾಡಿಯನ್ನು ಇನ್ನೊಬ್ಬರು ತಡೆದರೆ ಹಾಲು ಮಾರುವವನ ಬಳಿ ತೋರಿಸಲು ಒಂದು ಕಾಗದವೂ ಇರುವುದಿಲ್ಲ.

ದ್ವಿಚಕ್ರ ವಾಹನಗಳ ದೀಪ ಜೋಡಣೆಗೆ ನಮ್ಮ ದೇಶದಲ್ಲಿ ಎಐಎಸ್-009 ಎಂಬ ಮಾನದಂಡವಿದೆ. ಅದು ಕನ್ನಡದಲ್ಲಿ ಮೆಕ್ಯಾನಿಕ್ಕಿನ ಕೈಗೆ ಬಂದಿಲ್ಲ. ವಿಶ್ವಸಂಸ್ಥೆಯ 53ನೇ ವಾಹನ ನಿಯಮಾವಳಿ ಇದೇ ವಿಷಯವನ್ನು ಟೇಪು ಹಿಡಿದು ಅಳೆಯುವಷ್ಟು ಸರಳ ಮಾಡಿದೆ: ಮುಂದಿನ ಜೋಡಿಯ ಬೆಳಗುವ ಭಾಗಗಳ ನಡುವೆ ಕನಿಷ್ಠ 240 ಮಿಲಿಮೀಟರ್, ಹಿಂದಿನ ಜೋಡಿಗೆ 180, ನೆಲದಿಂದ ಎತ್ತರ 350ರಿಂದ 1,200ರೊಳಗೆ. ಈ ಅಂಕಿಗಳ ಹಿಂದೆ ಅನುಭವವಿದೆ. ಹೆಡ್‌ಲೈಟಿಗೆ ತೀರ ಹತ್ತಿರ ಕೂಡಿಸಿದ ಇಂಡಿಕೇಟರ್ ರಾತ್ರಿ ಅದರ ಬೆಳಕಿನಲ್ಲೇ ಮುಳುಗುತ್ತದೆ. ತೀರ ಕೆಳಗಿದ್ದರೆ ಹುನಗುಂದದ ಎರೆಮಣ್ಣು ಮಳೆಗಾಲದಲ್ಲಿ ಒಂದೇ ದಿನಕ್ಕೆ ಗಾಜು ಮುಚ್ಚುತ್ತದೆ. ಹ್ಯಾಂಡಲ್ ತುದಿಯ ಇಂಡಿಕೇಟರ್ ಎದುರಿನವರಿಗೆ ಚೆನ್ನಾಗಿ ಕಾಣುತ್ತದೆ, ಹಿಂದಿನವರಿಗೆ ಸವಾರನ ಮೈಯೇ ಅಡ್ಡ. ಅದನ್ನು ನಂಬಿ ಹಿಂದಿನ ಜೋಡಿ ತೆಗೆಸುವುದು ತಪ್ಪೆಂದು ನಾವೇ ಗಿರಾಕಿಗಳಿಗೆ ಹೇಳುತ್ತೇವೆ. 10 ವ್ಯಾಟ್ ಬಲ್ಬಿನ ಜಾಗದಲ್ಲಿ ಸಣ್ಣ ಎಲ್‌ಇಡಿ ಹಾಕಿ ಹಳೆಯ ಫ್ಲ್ಯಾಶರ್ ಹಾಗೇ ಬಿಟ್ಟರೆ, ಕರೆಂಟು ಕಡಿಮೆ ಎಳೆಯುವುದರಿಂದ ಬಲ್ಬು ಸುಟ್ಟಿದೆಯೆಂಬಂತೆ ಅದು ಪಟಪಟನೆ ಬಡಿಯುತ್ತದೆ, 120ರ ಮಿತಿ ದಾಟುತ್ತದೆ. ಎಲ್‌ಇಡಿಗೆ ತಕ್ಕ ಫ್ಲ್ಯಾಶರ್ ಹಾಕಿದರೆ ಸರಿಹೋಗುತ್ತದೆ. ಇದನ್ನು ತಿಳಿಯದ ಸವಾರ ದಂಡ ಕಟ್ಟಬೇಕಾಗಿ ಬರುತ್ತದೆ.

ಆದ್ದರಿಂದ ನಮ್ಮ ಮೊದಲ ಬೇಡಿಕೆ: ನಮ್ಮ ದೇಶಕ್ಕೆ ಅನ್ವಯಿಸುವ ಅಳತೆ, ಬಣ್ಣ, ಮಿನುಗುವ ವೇಗಗಳನ್ನು ಚಿತ್ರ ಸಹಿತ ಒಂದೇ ಹಾಳೆಯಲ್ಲಿ ಕನ್ನಡದಲ್ಲಿ ಅಚ್ಚು ಹಾಕಿಸಿ ತಮ್ಮ ಕಚೇರಿಯಲ್ಲೂ ನಾಲ್ಕೂ ತಾಲೂಕುಗಳ ಗ್ಯಾರೇಜುಗಳಲ್ಲೂ ಅಂಟಿಸಬೇಕು. ಎರಡನೆಯದು ನಮಗೆ ಎಲ್ಲಕ್ಕಿಂತ ಮುಖ್ಯ. ಆ ಅಳತೆಯೊಳಗೆ ಇಂಡಿಕೇಟರ್ ಸರಿಸುವುದು 52ನೇ ಕಲಮಿನ ಉಲ್ಲಂಘನೆಯೋ ಅಲ್ಲವೋ ಎಂಬುದನ್ನು, ಬೇಕಿದ್ದರೆ ಸಾರಿಗೆ ಆಯುಕ್ತರಿಂದ ಸ್ಪಷ್ಟನೆ ಪಡೆದು, ಲಿಖಿತವಾಗಿ ತಿಳಿಸಬೇಕು. ಉಲ್ಲಂಘನೆ ಎಂದಾದರೆ ಅನುಮತಿ ಪಡೆಯುವ ದಾರಿ ತೋರಿಸಬೇಕು. 15 ವರ್ಷ ತುಂಬಿದ ಗಾಡಿ ಮರುನೋಂದಣಿಗೆ ಬಂದಾಗ ಇಂಡಿಕೇಟರ್ ಸರಿಯಿಲ್ಲದಿದ್ದರೆ ಏನು ಸರಿಪಡಿಸಬೇಕೆಂದು ಬರೆದುಕೊಡಬೇಕು. ಅಂಗವಿಕಲರು ಮಗ್ಗುಲ ಗಾಲಿ ಕೂಡಿಸಿಕೊಂಡ ಸ್ಕೂಟರ್‌ಗಳಲ್ಲಿ ಆ ಗಾಲಿಗಳು ದೀಪದಿಂದಾಚೆ ಚಾಚಿರುತ್ತವೆ. ಅವರ ಇಂಡಿಕೇಟರ್ ಎಲ್ಲಿರಬೇಕೆಂಬುದೂ ಅದೇ ಹಾಳೆಯಲ್ಲಿರಲಿ.



ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆ. ಬಾದಾಮಿಯಿಂದ ಚೊಳಚಗುಡ್ಡದ ದಾರಿಯಲ್ಲಿ ಇಡೀ ರಾತ್ರಿ ಬೈಕು, ಚಕ್ಕಡಿ, ಪಾದಚಾರಿಗಳು ಒಟ್ಟಿಗೆ ಸಾಗುತ್ತಾರೆ. ಜಾತ್ರೆಗೆ ಹದಿನೈದು ದಿನ ಮೊದಲು ಬಾದಾಮಿಯಲ್ಲಿ ದಂಡವಿಲ್ಲದ ತಪಾಸಣಾ ಶಿಬಿರ ಏರ್ಪಡಿಸಲು ಕೋರುತ್ತೇವೆ. ತಮ್ಮ ನಿರೀಕ್ಷಕರು ಅಳತೆ ಹೇಳಲಿ. ಟೇಪು, ಸ್ಪ್ಯಾನರ್, ತಂತಿ ಹಿಡಿದು ನಾವು ಬರುತ್ತೇವೆ, ಕೂಲಿ ಪಡೆಯದೆ ಅಲ್ಲಿಯೇ ಸರಿಪಡಿಸಿ ಕೊಡುತ್ತೇವೆ.

ತಮ್ಮ ವಿಶ್ವಾಸಿಗಳು,
ನಾಲ್ಕೂ ತಾಲೂಕುಗಳ ಸವಾರರು ಮತ್ತು ಮೆಕ್ಯಾನಿಕ್‌ಗಳು
(ಸಹಿಗಳನ್ನು ಲಗತ್ತಿಸಿದೆ)