ಸೊನ್ನೆ ಬಿಲ್ಲಿಗೆ ಎಷ್ಟು ಕ್ಯಾಶ್‌ಬ್ಯಾಕ್?

ಕರೆಂಟು, ಗ್ಯಾಸು, ಇಂಟರ್ನೆಟ್ಟು ಎಲ್ಲವನ್ನೂ ಒಂದೇ ಕ್ಯಾಶ್‌ಬ್ಯಾಕ್ ಕಾರ್ಡಿನಲ್ಲಿ ಕಟ್ಟಿದರೆ ಮನೆಖರ್ಚು ಇಳಿಯುತ್ತದೆ ಎಂದು ಲೇಖನ ಬರೆದವರು ಮುಧೋಳ, ಬೀಳಗಿ ಕಡೆಯ ಒಂದು ಹೆಸ್ಕಾಂ ಕರೆಂಟು ಬಿಲ್ಲನ್ನಾದರೂ ನೋಡಬೇಕಿತ್ತು. 2023ರಲ್ಲಿ ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆ ಬಂದ ಮೇಲೆ ಎಷ್ಟೋ ಮನೆಗಳ ಬಿಲ್ಲು ಸೊನ್ನೆ. ಸೊನ್ನೆಯ ಮೇಲೆ ಶೇ 1 ಕ್ಯಾಶ್‌ಬ್ಯಾಕ್ ಎಂದರೆ ಎಷ್ಟು, ಸ್ವಾಮಿ?

ಕಾರ್ಡಿನ ವಾರ್ಷಿಕ ಶುಲ್ಕ ₹499 ಎಂದುಕೊಳ್ಳಿ. ಜಿಎಸ್‌ಟಿ ಸೇರಿ ₹589. ಶೇ 1ರ ಲೆಕ್ಕದಲ್ಲಿ ಅಷ್ಟು ವಾಪಸು ಬರಲಿಕ್ಕೇ ವರ್ಷಕ್ಕೆ ಸುಮಾರು ₹59 ಸಾವಿರ ಬಿಲ್ಲು ಕಟ್ಟಬೇಕು. ರಬಕವಿ-ಬನಹಟ್ಟಿಯ ಯಾವ ನೇಕಾರರ ಮನೆಯಲ್ಲಿ? (2024ರಿಂದ ಕೆಲವು ಬ್ಯಾಂಕುಗಳು ಮಿತಿ ಮೀರಿದ ಇಂಥ ಪಾವತಿಗೆ ತಾವೇ ಶೇ 1 ಕೀಳುತ್ತಿವೆ.) ಇನ್ನು ಟಿವಿ ಸೇರಿಸಿದ ಇಂಟರ್ನೆಟ್ ಪ್ಯಾಕೇಜು: ₹599 ಎಂದದ್ದು ತೆರಿಗೆ ಸೇರಿ ₹707, ನೋಡದ ಚಾನೆಲ್ಲಿಗೂ ದುಡ್ಡು.

ಕಾರ್ಡಿನ ಬಾಕಿ ಉಳಿದರೇನು ಎಂಬುದನ್ನಂತೂ ಲೇಖಕರು ಮುಟ್ಟಿಯೇ ಇಲ್ಲ. ಕಾರ್ಖಾನೆಯವರು ರೈತರಿಗೆ ಕಬ್ಬಿನ ಹಣ 14 ದಿನದಲ್ಲಿ ಕೊಡಬೇಕು, ತಪ್ಪಿದರೆ ವರ್ಷಕ್ಕೆ ಶೇ 15 ಬಡ್ಡಿ ಎನ್ನುತ್ತದೆ 1966ರ ಕಬ್ಬು ನಿಯಂತ್ರಣ ಆದೇಶ. ಆ ಹಣ ತಡವಾಗಿ ಜಮಖಂಡಿಯ ರೈತ ಕಾರ್ಡಿನ ಗಡುವು ತಪ್ಪಿಸಿದರೆ, ಬಡ್ಡಿ ಸಾಮಾನ್ಯವಾಗಿ ತಿಂಗಳಿಗೇ ಶೇ 3ಕ್ಕೂ ಹೆಚ್ಚು. ಒಂದನೇ ತಾರೀಖಿಗೆ ಪಗಾರ ಬರುವವರಿಗೆ ಈ ಸಲಹೆ ಹೊಂದೀತು. ತಲೆಬರಹದಲ್ಲೇ ಹಾಗೆ ಹೇಳಿದ್ದರೆ ನಾನು ಪೆನ್ನು ಎತ್ತುತ್ತಿರಲಿಲ್ಲ.