ಗಂಡಿನ ಕಡೆಯವರಿಲ್ಲದ ಮದುವೆ



ಕಳೆದ ತಿಂಗಳು ನಮ್ಮ ಕಚೇರಿಯಲ್ಲಿ ಮದುವೆ ಊಟ. ಈ ಪತ್ರಿಕೆಯ ಪ್ರತಿಗಳಿಗೆ ವಿಳಾಸ ಬರೆದು ಅಂಚೆಗೆ ಹಾಕುವ ನಮ್ಮ ಸಹೋದ್ಯೋಗಿ, ತನ್ನ ಸಂಗಾತಿಯ ಕೊರಳಿಗೆ ಹಾರ ಹಾಕಿದಳು. ಆ ಸಂಗಾತಿಯೂ ಹೆಣ್ಣು. ಚಿತ್ರಾನ್ನ, ಕೋಸಂಬರಿ, ಹೆಸರುಬೇಳೆ ಪಾಯಸ ಮಾಡಿದ್ದೆವು. ಸಂಘದ ಹಿರಿಯ ಸದಸ್ಯೆಯೊಬ್ಬರು ಬಹಳ ಹೊತ್ತು ಸುಮ್ಮನೆ ಕೂತಿದ್ದು, ಕೊನೆಗೆ ಕೇಳಿಯೇ ಬಿಟ್ಟರು: "ಅಲ್ಲಮ್ಮಾ, ಇದರಲ್ಲಿ ಗಂಡಿನ ಕಡೆಯವರು ಯಾರು?" ಯಾರೂ ಇಲ್ಲ ಎಂದೆವು. "ಹಾಗಾದರೆ ವರೋಪಚಾರ ಯಾರಿಗೆ? ಕೈ ಚಾಚೋರು ಯಾರು?" ಎಂದು ಅವರೇ ನಕ್ಕರು.

ಇನ್ನೊಬ್ಬ ಗೆಳತಿ ನಗಲಿಲ್ಲ. "ಸುಟ್ಟ ಗಾಯದ ವಾರ್ಡುಗಳಲ್ಲಿ ಸೊಸೆಯಂದಿರ ಪಕ್ಕ ಕೂತು ಬಂದವರು ನಾವು. ಮದುವೆಯೇ ಹೆಣ್ಣಿನ ಬಾಳಲ್ಲ ಎಂದು ಹೇಳುತ್ತ ಬಂದವರು. ಈಗ ನಾವೇ ಮದುವೆಗೆ ಪಾಯಸ ಹಂಚುವುದೇ?" ಎಂದರು. ನ್ಯಾಯವಾದ ಪ್ರಶ್ನೆ. ಆದರೆ ನಾವು ಹೋರಾಡಿದ್ದು ಹುಡುಗಿಯನ್ನು ಕೇಳದೆ, ಅವಳಿಗೆ ಬೆಲೆ ಕಟ್ಟಿ ಮಾಡುವ ಮದುವೆಯ ವಿರುದ್ಧ. ಇಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಕೇಳಿಕೊಂಡು ಒಪ್ಪಿದ್ದಾರೆ.

ನಮ್ಮದೂ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ಹೆಣ್ಣನ್ನೇ ಒಲಿದ ಹುಡುಗಿಯರು ನಮ್ಮ ಸಲಹಾ ಕೇಂದ್ರಕ್ಕೆ ಮೊದಲೂ ಬಂದಿದ್ದರು. ಮನೆಯಲ್ಲಿ ಕೂಡಿ ಹಾಕಿ ಹೊಡೆದದ್ದು, "ಮದುವೆಯಾದರೆ ಸರಿಹೋಗ್ತಾಳೆ" ಎಂದು ಅವಸರದಲ್ಲಿ ಗಂಡು ಹುಡುಕಿದ್ದು, ವಿಷಯ ಹೊರಬೀಳದಿರಲೆಂದು ವರದಕ್ಷಿಣೆ ಹೆಚ್ಚಿಗೆ ಕೊಟ್ಟದ್ದು ಎಲ್ಲವನ್ನೂ ಹೇಳಿದ್ದರು. ನಾವು ರಿಜಿಸ್ಟರಿನಲ್ಲಿ "ತಾಯಿ ಮಗಳ ಜಗಳ" ಎಂದು ಬರೆದುಕೊಂಡು ಬುದ್ಧಿ ಹೇಳಿ ಕಳಿಸಿದೆವು. ತವರಿನವರ ಹೊಡೆತವೂ ದೌರ್ಜನ್ಯವೇ. ಒಲ್ಲದ ಮದುವೆಗೆ ಬಲವಂತ ಮಾಡುವುದು, ಒಲಿದವರನ್ನು ಮದುವೆಯಾಗಲು ಬಿಡದಿರುವುದು ಎರಡೂ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ವರದಿ ನಮೂನೆಯಲ್ಲೇ ಇವೆ.

ಇಂಥ ಮದುವೆ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. 1987ರಲ್ಲಿ ಮಧ್ಯಪ್ರದೇಶದಲ್ಲಿ ಲೀಲಾ, ಊರ್ಮಿಳಾ ಎಂಬ ಇಬ್ಬರು ಪೊಲೀಸ್ ಪೇದೆಯರು ಮದುವೆಯಾದರು. ಅವರೂ ಸಹೋದ್ಯೋಗಿಗಳೇ. ಇಲಾಖೆ ಇಬ್ಬರನ್ನೂ ಕೆಲಸದಿಂದ ಕಿತ್ತುಹಾಕಿತು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು, ವಯಸ್ಕರು ಒಪ್ಪಿ ಕೂಡಿದರೆ ಅದು 377ನೇ ಕಲಮಿನಡಿ ಅಪರಾಧವಲ್ಲ ಎಂದಿತು. ಆದರೆ 2023ರ ಅಕ್ಟೋಬರ್ 17ರಂದು ಅದೇ ಕೋರ್ಟಿನ ಐವರು ನ್ಯಾಯಾಧೀಶರ ಪೀಠ, 1954ರ ವಿಶೇಷ ವಿವಾಹ ಕಾಯ್ದೆಯಡಿ ಈ ಮದುವೆಗಳಿಗೆ ಮಾನ್ಯತೆ ಕೊಡಲು ಒಪ್ಪಲಿಲ್ಲ. ಅದು ಸಂಸತ್ತಿನ ಕೆಲಸ ಎಂದಿತು. ಮರುಪರಿಶೀಲನೆಯ ಅರ್ಜಿಗಳೂ 2025ರ ಜನವರಿಯಲ್ಲಿ ತಿರಸ್ಕಾರವಾದವು. ನೆರೆಯ ನೇಪಾಳದಲ್ಲಿ 2023ರಲ್ಲೇ ಇಂಥ ಮದುವೆಯ ನೋಂದಣಿ ಆಗಿದೆ.

ನೋಂದಣಿಯ ಕಾಗದ ಯಾಕೆ ಬೇಕು ಎಂಬುದನ್ನು ಸಂಘದ ಹೆಂಗಸರಿಗೆ ವಿವರಿಸಬೇಕಾಗಿಲ್ಲ. ಒಬ್ಬಳು ಸತ್ತರೆ ಇನ್ನೊಬ್ಬಳಿಗೆ ವಿಧವಾ ವೇತನವಿಲ್ಲ. ಉಯಿಲು ಬರೆದಿಡದಿದ್ದರೆ ಇಬ್ಬರೂ ದುಡಿದು ಮಾಡಿದ ಮನೆಯಲ್ಲಿ ಸತ್ತವಳ ಪಾಲು ಅವಳ ತವರಿಗೆ ಹೋಗುತ್ತದೆ. ಅವಳನ್ನು ಹೊರಗೆ ಹಾಕಿದ ತವರಾದರೂ ಸರಿಯೇ! ಇಬ್ಬರು ಹೆಂಗಸರಿರುವ ಮನೆಯಲ್ಲಿ ಜಗಳ, ಹೊಡೆತ ಇರುವುದೇ ಇಲ್ಲವೆಂದು ನಾವು ಹೇಳುತ್ತಿಲ್ಲ. ಬೇರೆಯಾದಾಗ ಜೀವನಾಂಶ ಕೇಳುವುದಕ್ಕೂ ಮೊದಲು ಮದುವೆ ಎಂಬುದು ಕಾಗದದ ಮೇಲೆ ಇರಬೇಕಲ್ಲ?

ಅಲ್ಲಿಯವರೆಗೆ ಇರುವಷ್ಟನ್ನು ಬಳಸಿಕೊಳ್ಳೋಣ. ಇಂಥ ಜೋಡಿ ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಲು, ಒಬ್ಬರನ್ನೊಬ್ಬರು ನಾಮಿನಿ ಮಾಡಲು ಅಡ್ಡಿಯಿಲ್ಲವೆಂದು ಕೇಂದ್ರ ಸರ್ಕಾರ 2024ರಲ್ಲಿ ಸ್ಪಷ್ಟಪಡಿಸಿದೆ. ಪಡಿತರ ಚೀಟಿಗೂ ಅವರನ್ನು ಒಂದೇ ಮನೆಯವರೆಂದು ಎಣಿಸುವಂತೆ ರಾಜ್ಯಗಳಿಗೆ ತಿಳಿಸಿದೆ. ನಾಮಿನಿ ಮಾಡಿದರೆ ಸಾಲದು, ಉಯಿಲನ್ನೂ ಬರೆದಿಡಬೇಕು. 2025ರ ಮೇ ತಿಂಗಳಲ್ಲಿ ಮದ್ರಾಸ್ ಹೈಕೋರ್ಟು, ತವರಿನವರು ತಡೆದಿಟ್ಟಿದ್ದ ಯುವತಿಯೊಬ್ಬಳನ್ನು ಅವಳ ಸಂಗಾತಿಯ ಜೊತೆ ಹೋಗಲು ಬಿಟ್ಟು, ಮದುವೆಯೊಂದರಿಂದಲೇ ಕುಟುಂಬ ಆಗಬೇಕೆಂದಿಲ್ಲ ಎಂದಿದೆ. ನಿಮ್ಮ ಸಂಘಕ್ಕೆ ಅಂಥ ಹುಡುಗಿ ಬಂದರೆ ಮನೆಗೆ ವಾಪಸು ಕಳಿಸುವ ಮೊದಲು ಅವಳ ಮಾತು ಪೂರ್ತಿ ಕೇಳಿ.

ಇದನ್ನು ನಿಮ್ಮ ವಾರದ ಸಭೆಯಲ್ಲಿ ಓದಿ, ಚರ್ಚಿಸಿ. ಒಪ್ಪದವರೂ ನಮಗೆ ಬರೆಯಿರಿ, ಮುಂದಿನ ಸಂಚಿಕೆಯಲ್ಲಿ ಅಚ್ಚುಹಾಕುತ್ತೇವೆ. ಆ ಸಂಚಿಕೆಯ ಮೇಲೆ ನಿಮ್ಮ ವಿಳಾಸ ಬರೆಯುವುದೂ ನಮ್ಮ ಮದುಮಗಳೇ.